ನೆಲ ಡೊಂಕು

ಅಣ್ಣನ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಲೈಬ್ರರಿಯಕ್ಕ ಇಪ್ಪತ್ತೈದು ವರ್ಷಗಳಿಂದ ಒಂದೇ ಉತ್ತರ ಕೊಡುತ್ತ ಬಂದಿದ್ದಳು: "ಫರ್ನಿಚರ್ ಕೆಲಸ." ಪೂರ್ತಿ ಸುಳ್ಳು ಅಂತಲೂ ಹೇಳುವ ಹಾಗಿಲ್ಲ. ಪೂಲ್ ಟೇಬಲ್ಲಿಗೂ ನಾಲ್ಕು ಕಾಲಿರುತ್ತವೆ, ಮರದ ಚೌಕಟ್ಟಿರುತ್ತದೆ. ಆದರೆ ಪೂಲ್ ಎಂಬ ಮಾತು ಬಾಯಿಂದ ಬಂದರೆ ಸಾಕು, ಕೇಳಿದವರ ಹುಬ್ಬು ಮೇಲೇರುತ್ತಿತ್ತು. ಕಿಟಕಿಗೆ ಕಪ್ಪು ಬಣ್ಣ ಬಳಿದ ಕೋಣೆ, ಸಿಗರೇಟಿನ ಹೊಗೆ, ಪಂದ್ಯ ಕಟ್ಟುವ ಪುಂಡರು, ಇಷ್ಟೇ ಅವರ ಕಣ್ಣಿಗೆ ಕಟ್ಟುತ್ತಿದ್ದುದು. ಬಣ್ಣದ ಚೆಂಡುಗಳನ್ನು ಕೋಲಿನಿಂದ ತಳ್ಳಿ ಮೂಲೆಯ ತೂತಿಗೆ ಬೀಳಿಸುವ ಆಟಕ್ಕೆ ಅಷ್ಟೊಂದು ಕೆಟ್ಟ ಹೆಸರು ಯಾಕೆ ಅಂಟಿತೋ, ಅಂಟಿದ್ದಂತೂ ಬಿಡಲಿಲ್ಲ. ಅವರ ಅಪ್ಪ ಸಾಯುವವರೆಗೂ ಮಗನ ಪೂಲ್ ಹಾಲಿನ ಹೊಸ್ತಿಲು ತುಳಿಯಲಿಲ್ಲ. ಇವಳೂ ತುಳಿದವಳಲ್ಲ, ಆ ಮಾತು ಬೇರೆ.

ಅಣ್ಣನನ್ನು ಊರೆಲ್ಲ ಮೇಸ್ತ್ರಿ ಎಂದೇ ಕರೆಯುತ್ತಿತ್ತು. ಟೇಬಲ್ ಕಟ್ಟುವುದು, ಅದರ ಮೇಲಿನ ಹಸಿರು ಬಟ್ಟೆ ಬದಲಿಸುವುದು, ಸೊಟ್ಟಗಾದ ಕ್ಯೂ ಕೋಲು ನೆಟ್ಟಗೆ ಮಾಡುವುದು, ಇದೇ ಅವನ ಮೂವತ್ತು ವರ್ಷ. ಮಾತು ಕಡಿಮೆ, ಆಡುವಷ್ಟನ್ನೂ ಟೇಬಲ್ಲಿನ ಜೊತೆಗೇ ಆಡುತ್ತಾನೆ ಎಂದು ಅವನ ಸೊಸೆ, ಅಂದರೆ ಲೈಬ್ರರಿಯಕ್ಕನ ಮಗಳು ಪುಟ್ಟಿ, ತಮಾಷೆ ಮಾಡುತ್ತಿದ್ದಳು. ಹೋದ ವರ್ಷ ಪೂಲ್ ಹಾಲ್ ಇದ್ದ ಕಟ್ಟಡವನ್ನು ಕೆಡವಿದರು. ಇದ್ದ ನಾಲ್ಕು ಟೇಬಲ್‌ಗಳಲ್ಲಿ ಮೂರು ಯಾರ‍್ಯಾರ ಮನೆಗೋ ಹೋದವು. ನಾಲ್ಕನೆಯದು ಅವನು ಕೈಯಾರೆ ಕಟ್ಟಿದ್ದು. ಅದನ್ನು ಕೊಡಲಾರದೆ ಬಿಚ್ಚಿ ತಂದು ತಂಗಿಯ ಮನೆಯ ಹಿಂದಿನ ಶೆಡ್ಡಿನಲ್ಲಿ ಇಟ್ಟಿದ್ದ. ಟೇಬಲ್ಲಿನ ಬಟ್ಟೆಯಡಿ ಹಾಸುವ ಮೂರು ದಪ್ಪ ಸ್ಲೇಟು ಕಲ್ಲುಗಳು, ಒಂದೊಂದನ್ನು ಎತ್ತಲು ನಾಲ್ಕು ಜನ ಬೇಕು.

ಒಂದು ಬೆಳಿಗ್ಗೆ ಲೈಬ್ರರಿಯಕ್ಕ ಶೆಡ್ಡಿಗೆ ಪೊರಕೆ ತರಲು ಹೋದಾಗ ಅಪರಿಚಿತನೊಬ್ಬ ಟೇಪು ಹಿಡಿದು ಆ ಕಲ್ಲುಗಳನ್ನು ಅಳೆಯುತ್ತಿದ್ದ. ಅಡುಗೆಮನೆ ಕಟ್ಟೆ ಹಾಕುವವನಂತೆ.

"ಏನಣ್ಣ ಇದು?"

"ಹಾಕೋಕೆ ಜಾಗ ಇಲ್ಲ, ಆಡೋಕೆ ಜನ ಇಲ್ಲ," ಎಂದ ಮೇಸ್ತ್ರಿ. "ಒಲೆ ಇಡೋ ಕಟ್ಟೆಯಾದ್ರೂ ಆಗ್ಲಿ. ದಿನಾ ಯಾರಾದ್ರೂ ಕೈಯಿಟ್ಟು ಒರೆಸ್ತಾರೆ."

ಅವನು ಅದನ್ನು ನಗುತ್ತಲೇ ಹೇಳಿದ. ಅವಳಿಗೆ ಮಾತ್ರ ನಗು ಬರಲಿಲ್ಲ. ಆ ದಿನವಿಡೀ ಲೈಬ್ರರಿಯಲ್ಲಿ ಪುಸ್ತಕದ ಮೇಲೆ ಮುದ್ರೆ ಒತ್ತುವಾಗಲೂ ಆ ಟೇಪೇ ಕಣ್ಣಮುಂದೆ ಬರುತ್ತಿತ್ತು.

ಅವಳ ಲೈಬ್ರರಿಯ ಮಹಡಿಯಲ್ಲಿ ಒಂದು ದೊಡ್ಡ ಕೋಣೆ ಖಾಲಿ ಬಿದ್ದಿತ್ತು. ಹಲಗೆಯ ನೆಲ, ರಸ್ತೆಯ ಕಡೆ ಎರಡು ಕಿಟಕಿ. ಪುಸ್ತಕಗಳನ್ನೆಲ್ಲ ಕೆಳಗೆ ಇಳಿಸಿದ ಮೇಲೆ ಅಲ್ಲಿ ಧೂಳು ಬಿಟ್ಟರೆ ಬೇರೆ ಓದುಗರಿರಲಿಲ್ಲ. ಕೆಳಗೂ ಅಷ್ಟೇ. ಹದಿಹರೆಯದವರು ಬರುವುದು ಫೋನು ಚಾರ್ಜ್ ಮಾಡಿಕೊಳ್ಳಲು. ಚಾರ್ಜ್ ಆದ ಕೂಡಲೇ ಮಾಯ. ಆ ವಾರದ ಸಮಿತಿ ಸಭೆಯಲ್ಲಿ ಅವಳು ಬಾಯಿಬಿಟ್ಟಳು: ಅಡುಗೆಮನೆ ಕಟ್ಟೆಯವನ ಪಾಲಾಗಲಿರುವ ಒಂದು ಪೂಲ್ ಟೇಬಲ್ಲನ್ನು ಮೇಲಿನ ಕೋಣೆಯಲ್ಲಿ ಹಾಕೋಣ, ಕಿಟಕಿ ತೆರೆದಿಟ್ಟು, ಹಗಲು ಹೊತ್ತಿನಲ್ಲಿ, ಯಾರು ಬೇಕಾದರೂ ಆಡಲಿ.

ಸಮಿತಿಯ ಅಧ್ಯಕ್ಷರು ನಿವೃತ್ತ ಹೆಡ್ಮಾಸ್ಟರು. ಊರಿನ ಅರ್ಧ ಜನಕ್ಕೆ ಲೆಕ್ಕ ಕಲಿಸಿದವರು, ಉಳಿದರ್ಧಕ್ಕೆ ಕಿವಿ ಹಿಂಡಿದವರು. ಮೇಸ್ತ್ರಿ ಎರಡನೆಯ ಗುಂಪಿಗೆ ಸೇರಿದವನು.

"ಲೈಬ್ರರೀಲಿ ಪೂಲಾ? ನಾಳೆ ಇಸ್ಪೀಟಿಗೂ ಜಾಗ ಕೇಳ್ತೀಯೇನಮ್ಮ?"

"ಒಂದು ಸಲ ನೋಡಿ ಸರ್. ನೋಡಿ ಬೇಡ ಅಂದ್ರೆ ನಾನು ಮತ್ತೆ ಬಾಯಿ ತೆರೆಯಲ್ಲ."

ಅವರು ಹಟಮಾರಿಯೇ ಹೊರತು ಅನ್ಯಾಯದವರಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಸರಿ. ಭಾನುವಾರ ಹನ್ನೊಂದಕ್ಕೆ ಜನರ ಎದುರಿಗೆ ಆಡಿ ತೋರ್ಸಿ. ಇದರಲ್ಲಿ ಮಕ್ಕಳು ಕಲಿಯೋದು ಏನಾದ್ರೂ ಇದೆ ಅಂತ ನನಗೆ ಅನ್ನಿಸಿದ್ರೆ ಇರ್ಲಿ. ಇಲ್ಲಾಂದ್ರೆ ಸೋಮವಾರ ಆ ಕಲ್ಲು ಕಟ್ಟೆಯವನ ಮನೆಗೆ."

ಶನಿವಾರ ಟೇಬಲ್ ಕೂತಿತು. ಮೇಸ್ತ್ರಿ ಚೌಕಟ್ಟಿನ ಮೇಲೆ ಮೂರು ಕಲ್ಲು ಜೋಡಿಸಿ, ಸಂದಿಗೆ ಜೇನುಮೇಣ ಕರಗಿಸಿ ಹೊಯ್ದು, ಆರಿದ ಮೇಲೆ ಅಲಗಿನಿಂದ ಹೆರೆದು, ಅಂಗೈಯಿಂದ ಸವರಿ, ಮತ್ತೆ ಹೆರೆದು, ಕೊನೆಗೆ ಹಸಿರು ಬಟ್ಟೆಯನ್ನು ಒಂದು ಸುಕ್ಕಿಲ್ಲದಂತೆ ಬಿಗಿದ. ನೆಲ ಹಳೆಯದೆಂದು ಟೇಬಲ್ಲನ್ನು ಹಿಂದಿನ ಗೋಡೆಯ ಹತ್ತಿರಕ್ಕೇ ಹಾಕಿದ್ದ, ಅಲ್ಲಿ ತೊಲೆ ಗಟ್ಟಿ. ಆಮೇಲೆ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡ.

"ಮಟ್ಟ ನೋಡುವಾಗ ಯಾರೂ ಇರಬಾರ್ದು. ಉಸಿರು ಬಿಟ್ರೂ ಗುಳ್ಳೆ ಅಲ್ಲಾಡುತ್ತೆ."

ಲೈಬ್ರರಿಯಕ್ಕ ಬಾಗಿಲ ಸಂದಿನಿಂದ ಕದ್ದು ನೋಡಿದಳು. ಮಟ್ಟಗೋಲನ್ನು ಟೇಬಲ್ಲಿನ ಒಂದು ಮೂಲೆಯಲ್ಲಿಟ್ಟು ಅದರ ಗಾಜಿನೊಳಗಿನ ಗುಳ್ಳೆ ಗೆರೆಗಳ ನಡುವೆ ಬಂದು ನಿಲ್ಲುವವರೆಗೆ ಅವನು ಕಾಯುತ್ತಿದ್ದ. ಆಮೇಲೆ ಇನ್ನೊಂದು ಮೂಲೆ. ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ ಟೇಬಲ್ಲಿನ ಕಾಲಡಿ ಏನನ್ನೋ ತೂರಿಸುತ್ತಿದ್ದ. ಎರಡು ಗಂಟೆ ಹೀಗೇ. ಆತುರವಿಲ್ಲ, ಗೊಣಗಾಟವಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗಾಯಿತಲ್ಲ ನನ್ನ ಕಥೆ ಎಂದುಕೊಂಡಳು. ಒಡಹುಟ್ಟಿದವನ ಕೈಯಲ್ಲಿ ಇಂಥ ವಿದ್ಯೆ ಇದೆಯೆಂದು ತಿಳಿಯಲು ಅವಳು ಬಾಗಿಲ ಸಂದಿನಲ್ಲಿ ಇಣುಕಬೇಕಾಯಿತು.

ಸಂಜೆ ಪುಟ್ಟಿ ಅಭ್ಯಾಸ ಮಾಡಿದಳು. ಹದಿನೇಳು ತುಂಬಿದ ಹುಡುಗಿ, ಮಾವನಿಂದ ಕಲಿತಿದ್ದಳು. ಅಮ್ಮನಿಗೆ ಗೊತ್ತಿದ್ದೂ ಗೊತ್ತಿಲ್ಲದ ಹಾಗಿತ್ತು. ಅವಳ ಒಂದು ಆಟ ಹೀಗೆ: ಟೇಬಲ್ಲಿನ ಮೇಲೆ ಎಲ್ಲಾದರೂ ಒಂದು ಚೀಟಿ ಇಡಿ. ಅವಳು ಬಿಳಿ ಚೆಂಡಿನಿಂದ ಬಣ್ಣದ ಚೆಂಡನ್ನು ತೂತಿಗೆ ಬೀಳಿಸುತ್ತಾಳೆ, ಬಿಳಿ ಚೆಂಡು ಅಂಚಿಗೆ ಬಡಿದು ವಾಪಸು ಬಂದು ಆ ಚೀಟಿಯ ಮೇಲೇ ನಿಲ್ಲುತ್ತದೆ. ಹತ್ತಕ್ಕೆ ಒಂಬತ್ತು ಸಲ ನಿಲ್ಲಿಸಿದಳು.

"ಇದನ್ನೇ ಜನರಿಗೆ ತೋರ್ಸಿದ್ರೆ ಆಯ್ತು ಮಾವ," ಎಂದು ಅವಳು ಕೈಯಲ್ಲೇ ಬರೆದ ಕಾಗದಗಳನ್ನು ಬಸ್ ನಿಲ್ದಾಣ, ಕ್ಷೌರದಂಗಡಿ, ಟ್ಯೂಷನ್ ಸೆಂಟರ್ ಎಲ್ಲ ಕಡೆ ಅಂಟಿಸಿ ಬಂದಳು: ನೀವು ತೋರಿಸಿದ ಜಾಗದಲ್ಲಿ ಚೆಂಡು ನಿಲ್ಲಿಸುತ್ತೇನೆ. ಬನ್ನಿ, ಸೋಲಿಸಿ.

"ಹದಿನೈದು ಜನ ಬಂದ್ರೆ ಹೆಚ್ಚು," ಎಂದ ಮೇಸ್ತ್ರಿ.

ಭಾನುವಾರ ಹನ್ನೊಂದಕ್ಕೆ ನೂರು ಜನ ಬಂದರು. ಸೋಲಿಸಿ ಅಂದರೆ ಯಾರು ತಾನೆ ಬರುವುದಿಲ್ಲ! ಬಸ್ ಡ್ರೈವರ್ ಸಮವಸ್ತ್ರದಲ್ಲೇ ಬಂದಿದ್ದ. ಕ್ಷೌರಿಕ ಅಂಗಡಿಗೆ ಬೀಗ ಹಾಕಿ ಬಂದಿದ್ದ. ಟ್ಯೂಷನ್ನಿನ ಹುಡುಗ ಹುಡುಗಿಯರು ಹಿಂಡುಹಿಂಡಾಗಿ ಬಂದರು, ಮೊಮ್ಮಕ್ಕಳ ಕೈಹಿಡಿದ ಅಜ್ಜಿಯರು ಬಂದರು. ಟೇಬಲ್ ಗೋಡೆಯ ಕಡೆ ಇದ್ದುದರಿಂದ ಎಲ್ಲರೂ ಈಚೆ, ಕೋಣೆಯ ನಡುಭಾಗದಲ್ಲೇ ಒತ್ತೊತ್ತಾಗಿ ನಿಂತರು. ಹೆಡ್ಮಾಸ್ಟರು ಎಲ್ಲರಿಗಿಂತ ಮುಂದೆ, ಕೈಯಲ್ಲೊಂದು ಪುಟ್ಟ ನೋಟ್‌ಬುಕ್ಕು. ಲೈಬ್ರರಿಯಕ್ಕನಿಗೆ ಖುಷಿಯಿಂದ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಡ್ರೈವರ್ ಮೊದಲು ಮುಂದೆ ಬಂದು ಒಂದು ಬಸ್ ಟಿಕೆಟ್ಟನ್ನು ಹಸಿರು ಬಟ್ಟೆಯ ಮೇಲಿಟ್ಟ. ಪುಟ್ಟಿ ಬಗ್ಗಿ, ಗಲ್ಲವನ್ನು ಕೋಲಿಗೆ ತಾಗಿಸಿ, ಹೊಡೆದಳು. ಕೆಂಪು ಚೆಂಡು ತೂತಿಗೆ ಬಿತ್ತು. ಬಿಳಿ ಚೆಂಡು ಅಂಚಿಗೆ ಬಡಿದು, ನಿಧಾನವಾಗಿ ಉರುಳಿ ಬಂದು, ಟಿಕೆಟ್ಟಿನ ಮೇಲೆ ನಿಂತಿತು. ಚಪ್ಪಾಳೆ ಶುರುವಾಗುವಷ್ಟರಲ್ಲಿ ಚೆಂಡು ಏನೋ ನೆನಪಾದವರ ಹಾಗೆ ಮೆಲ್ಲಗೆ ಕದಲಿ ಜನರ ಕಡೆಗೆ ಜಾರಿಕೊಂಡು ಹೋಯಿತು.

"ಆಯ್ತಲ್ಲ, ನಿಲ್ತಲ್ಲ!" ಎಂದಳು ಪುಟ್ಟಿ.

"ನಿಂತಿದ್ದು ಇನ್ನೊಂದು ಸ್ಟಾಪಲ್ಲಿ ಕಣಮ್ಮ," ಎಂದ ಡ್ರೈವರ್. ಎಲ್ಲರೂ ನಕ್ಕರು.

ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಚೆಂಡು ಚೀಟಿಯ ಹತ್ತಿರಕ್ಕೂ ಬರಲಿಲ್ಲ, ದಾರಿಯಲ್ಲೇ ಬಾಗಿತು. ಪುಟ್ಟಿಯ ಕಿವಿ ಕೆಂಪಾದವು. ಹೆಡ್ಮಾಸ್ಟರು ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು. ಅವರು ಬರೆದಾಗಲೆಲ್ಲ ಯಾರಿಗೋ ಅಂಕ ಕಡಿಮೆಯಾಗುತ್ತಿತ್ತು ಎಂಬುದು ಅವರ ಬಳಿ ಕಲಿತವರಿಗೆಲ್ಲ ಗೊತ್ತು. ಕಲ್ಲು ಹೋಯಿತು ಎಂದುಕೊಂಡಳು ಲೈಬ್ರರಿಯಕ್ಕ.

ಮೇಸ್ತ್ರಿ ಅಷ್ಟು ಹೊತ್ತು ಗೋಡೆಗೆ ಒರಗಿ ನಿಂತಿದ್ದವನು ಬಂದು ಟೇಬಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಹಲಗೆಯ ಮೇಲೆ ಅಂಗೈ ಇಟ್ಟ. ಆಮೇಲೆ ತಲೆಯೆತ್ತಿ ಜನರನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ.

"ನೆಲ ಬಾಗಿದೆ," ಎಂದ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!" ಎಂದು ಹಿಂದಿನಿಂದ ಕ್ಷೌರಿಕ ಕೂಗಿದ. ಕೋಣೆಗೆ ಕೋಣೆಯೇ ಗೊಳ್ಳೆಂದಿತು. ಅಜ್ಜಿಯೊಬ್ಬಳು ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ಕೆಲವರು ಮೆಟ್ಟಿಲ ಕಡೆ ತಿರುಗಿದರು. ಆಟ ಕೆಟ್ಟಿತು, ಇನ್ನೇನಿದೆ?

"ಯಾರೂ ಹೋಗ್ಬೇಡಿ!"

ಅಣ್ಣ ದನಿಯೆತ್ತಿದ್ದನ್ನು ಲೈಬ್ರರಿಯಕ್ಕ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವನಿಗೇ ಅದು ಹೊಸದೆಂಬಂತೆ ಒಂದು ಕ್ಷಣ ತಡೆದು, ಆಮೇಲೆ ಎಂದಿನ ದನಿಯಲ್ಲಿ ಹೇಳಿದ: "ಇದು ಹುಡುಗಿ ತಪ್ಪಲ್ಲ, ನಂದು. ನಿನ್ನೆ ಖಾಲಿ ಕೋಣೇಲಿ ಮಟ್ಟ ಮಾಡ್ದೆ. ಮೂವತ್ತು ವರ್ಷದಿಂದ ಹಾಗೇ ಮಾಡಿದ್ದು. ನನ್ನ ಟೇಬಲ್ ಸುತ್ತ ಒಂದೇ ಸಲಕ್ಕೆ ಎಂಟು ಜನಕ್ಕಿಂತ ಹೆಚ್ಚು ಯಾವತ್ತೂ ನಿಂತಿಲ್ಲ. ಇಷ್ಟು ಜನ ಬರ್ತಾರೆ, ಅವರ ಭಾರಕ್ಕೆ ನೆಲ ತಗ್ಗುತ್ತೆ ಅಂತ ನನಗೆ ಹೊಳೀಲೇ ಇಲ್ಲ."

ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಕ್ಷೌರಿಕ ಆ ಕಾಲನ್ನು ವಾಪಸು ತೆಗೆದುಕೊಂಡ.

ಹೆಡ್ಮಾಸ್ಟರು ಮಾತ್ರ ಬಿಡಲಿಲ್ಲ. "ಬಾಯಲ್ಲಿ ಹೇಳಿದ್ರೆ ಆಯ್ತೇನಯ್ಯ? ಸಾಧಿಸಿ ತೋರ್ಸು."

ಮೇಸ್ತ್ರಿ ಮಟ್ಟಗೋಲನ್ನು ತಂದು ಟೇಬಲ್ಲಿನ ಮೇಲೆ ಅಡ್ಡಕ್ಕೆ ಇಟ್ಟ. ಗುಳ್ಳೆ ಗೆರೆ ದಾಟಿ ಗೋಡೆಯ ಕಡೆಗೆ ಏರಿ ಕೂತಿತ್ತು. "ಮಧ್ಯ ನಿಂತಿರೋರು ಇಪ್ಪತ್ತು ಜನ ಕಿಟಕಿ ಕಡೆ ಹೋಗಿ," ಎಂದ. ಹೋದರು. ಗುಳ್ಳೆ ಕದಲಿತು. "ಈಗ ವಾಪಸು ಬನ್ನಿ." ಗುಳ್ಳೆಯೂ ವಾಪಸು ಹೋಯಿತು. ಟ್ಯೂಷನ್ನಿನ ಮಕ್ಕಳು ಹೋ ಎಂದರು. ಇಷ್ಟು ದಿನ ಪುಸ್ತಕದಲ್ಲಿ ಭಾರ, ತೊಲೆ, ಬಾಗು ಎಂದು ಬಾಯಿಪಾಠ ಮಾಡಿದ್ದು ತಮ್ಮ ಕಾಲಡಿಯಲ್ಲೇ ನಡೆಯುತ್ತಿದೆ! ಒಬ್ಬಳು ಒಂಟಿಕಾಲಲ್ಲಿ ನಿಂತಳು, ಇನ್ನೊಬ್ಬ ಕುಳಿತು ನೋಡಿದ, ನಾಲ್ಕು ಹುಡುಗರು ಕೈಕೈ ಹಿಡಿದು ಒಂದೊಂದೇ ಹೆಜ್ಜೆ ಹಿಂದೆ ಸರಿದರು. ಪ್ರತಿ ಹೆಜ್ಜೆಗೂ ಎಲ್ಲರ ಕಣ್ಣು ಗುಳ್ಳೆಯ ಮೇಲೆ.

ಹೆಡ್ಮಾಸ್ಟರು ತಾವೂ ಎರಡು ಹೆಜ್ಜೆ ಮುಂದೆ ಬಂದರು. ಗುಳ್ಳೆ ಒಂದು ಕೂದಲೆಳೆಯಷ್ಟು ಸರಿಯಿತು. "ನನ್ನೊಬ್ಬನಿಗೇ ಇಷ್ಟಾ?" ಎಂದರು, ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು.

"ನಿಮ್ಮ ತೂಕ ಊರಿಗೇ ಗೊತ್ತಲ್ಲ ಮೇಷ್ಟ್ರೇ. ದಯವಿಟ್ಟು ಅಲ್ಲೇ ನಿಂತಿರಿ. ಎಲ್ರೂ ಮೊದಲು ಎಲ್ಲಿದ್ರೋ ಅಲ್ಲೇ ನಿಂತ್ಕೊಳ್ಳಿ. ನೀವು ನಿಂತಿರೋ ಹಾಗೇ ಈಗ ಮಟ್ಟ ಮಾಡ್ತೀನಿ."

ಹೀಗೆಂದು ಜೇಬಿಗೆ ಕೈಹಾಕಿ ತೆಗೆದದ್ದು ಒಂದು ಕಟ್ಟು ಇಸ್ಪೀಟು ಎಲೆ.

"ನೋಡಿದ್ರಾ! ಇಸ್ಪೀಟು! ನಾನು ಅವತ್ತೇ ಹೇಳ್ಲಿಲ್ವಾ?" ಹೆಡ್ಮಾಸ್ಟರ ದನಿ ಸೂರಿಗೆ ತಾಗಿತು. ಲೈಬ್ರರಿಯಕ್ಕನಿಗೆ ನೆಲ ಬಾಗಿದ್ದು ಸಾಲದು, ಬಿರಿಯಬಾರದೇ ಅನ್ನಿಸಿತು.

ಮೇಸ್ತ್ರಿ ಉತ್ತರ ಕೊಡುವ ಗೋಜಿಗೇ ಹೋಗಲಿಲ್ಲ. ಡ್ರೈವರನನ್ನೂ ಇನ್ನಿಬ್ಬರು ಗಟ್ಟಿಗರನ್ನೂ ಕರೆದು ಚೌಕಟ್ಟಿನಡಿ ಹಾರೆ ಕೊಟ್ಟು ಮೀಟಿಸಿದ. ಟೇಬಲ್ಲಿನ ಕಾಲು ಉಗುರಿನಷ್ಟು ಮೇಲೆದ್ದಾಗ ಕೆಳಗೆ ಮೂರು ಎಲೆ ತೂರಿಸಿದ. "ಬಿಡಿ." ಮಟ್ಟಗೋಲು ನೋಡಿದ. ಮತ್ತೆ ಮೀಟಿಸಿ ಇನ್ನೆರಡು ಸೇರಿಸಿದ, ಒಂದನ್ನು ತೆಗೆದ. "ಒಂದೇ ದಪ್ಪ, ಒಂದೇ ನುಣುಪು. ಎಷ್ಟು ಭಾರ ಬಿದ್ರೂ ಚಪ್ಪಟೆ ಆಗಲ್ಲ. ಇದಕ್ಕಿಂತ ಒಳ್ಳೇ ಬೆಣೆ ಎಲ್ಲೂ ಸಿಗಲ್ಲ ಮೇಷ್ಟ್ರೇ," ಎಂದು ನೆಲದ ಮೇಲೆ ಮಲಗಿಕೊಂಡೇ ಹೇಳಿದ.

ಮುಕ್ಕಾಲು ಗಂಟೆ ಹಿಡಿಯಿತು. ನೂರು ಜನ ಕದಲದೆ ನಿಂತರು. ಕೆಮ್ಮು ಬಂದವರು ಬಾಯಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ ಕೆಮ್ಮಿದರು. ಅಳುವ ಮಗುವನ್ನು ಕೈಯಿಂದ ಕೈಗೆ ದಾಟಿಸಿದರೇ ಹೊರತು ತಾಯಿ ಜಾಗ ಬಿಡಲಿಲ್ಲ. ಮಲಗಿ, ಎದ್ದು, ಬಗ್ಗಿ, ಮತ್ತೆ ಮಲಗಿ ಕೆಲಸ ಮಾಡುವ ಆ ಐವತ್ತೈದರ ಮನುಷ್ಯನನ್ನು ಎಲ್ಲರೂ ಕಣ್ಣು ಮಿಟುಕಿಸದೆ ನೋಡಿದರು. ಅವನ ಬೆರಳುಗಳಿಗೆ ಒಂದು ಎಲೆಯ ದಪ್ಪ ಕಾಣುತ್ತಿತ್ತು. ಬೇರೆಯವರಿಗೆ ಕಣ್ಣಿಗೂ ಕಾಣುವುದಿಲ್ಲ.

"ಯಾರಮ್ಮ ಇವರು?" ಎಂದು ಪಕ್ಕದಲ್ಲಿದ್ದ ಅಜ್ಜಿ ಪಿಸುಗುಟ್ಟಿದಳು.

"ನಮ್ಮಣ್ಣ," ಎಂದಳು ಲೈಬ್ರರಿಯಕ್ಕ. ಅಷ್ಟಕ್ಕೇ ಬಿಡದೆ ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಿದಳು: "ನಮ್ಮ ಸ್ವಂತ ಅಣ್ಣ. ಪೂಲ್ ಟೇಬಲ್ ಮೇಸ್ತ್ರಿ." ಇಪ್ಪತ್ತೈದು ವರ್ಷ ಇದನ್ನು ಹೇಳಲು ತನಗೇನು ರೋಗ ಬಂದಿತ್ತು ಎಂದು ಅವಳಿಗೆ ಅವಳ ಮೇಲೇ ಸಿಟ್ಟು ಬಂತು.

ಕೊನೆಗೆ ಮೇಸ್ತ್ರಿ ಎದ್ದು ಮಂಡಿಯ ಧೂಳು ಕೊಡವಿಕೊಂಡು ಪುಟ್ಟಿಗೆ ಸನ್ನೆ ಮಾಡಿದ. ಈ ಸಲ ಹೆಡ್ಮಾಸ್ಟರು ತಾವೇ ನೋಟ್‌ಬುಕ್ಕಿನಿಂದ ಒಂದು ಮೂಲೆ ಹರಿದರು, ಬೆರಳುಗುರಿನಷ್ಟು. ಇದ್ದುದರಲ್ಲೇ ಅತಿ ಕಷ್ಟದ ಜಾಗ ಹುಡುಕಿ ಇಟ್ಟರು. ಪುಟ್ಟಿ ಟೇಬಲ್ಲನ್ನು ಒಂದು ಸುತ್ತು ಬಂದಳು, ಬಗ್ಗಿದಳು, ಹೊಡೆದಳು. ಹಳದಿ ಚೆಂಡು ತೂತಿಗೆ ಬಿತ್ತು. ಬಿಳಿ ಚೆಂಡು ಒಂದು ಅಂಚಿಗೆ ಬಡಿಯಿತು, ಇನ್ನೊಂದಕ್ಕೆ ಬಡಿಯಿತು, ಹೋಗುವುದೋ ಬೇಡವೋ ಎಂದು ಅನುಮಾನಿಸುತ್ತ ಬಂದು ಆ ಚೂರಿನ ಮೇಲೆ ನಿಂತಿತು. ನಿಂತೇ ಇತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟಿದರೆ ನೆಲ ಅಲುಗೀತೆಂಬ ಹೆದರಿಕೆ. ಹೆಡ್ಮಾಸ್ಟರು ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿದರು.

"ಈಗ ತಟ್ಟಬಹುದು," ಎಂದ ಮೇಸ್ತ್ರಿ.

ಆ ಚಪ್ಪಾಳೆಗೆ ಕೆಳಗಿನ ಕಪಾಟುಗಳ ಗಾಜು ಅದುರಿದವು.

ಆಮೇಲೆ ಮೂರು ಗಂಟೆಯವರೆಗೆ ಸರತಿ ಮುಗಿಯಲಿಲ್ಲ. ಡ್ರೈವರ್ ಬಿಳಿ ಚೆಂಡನ್ನೇ ತೂತಿಗೆ ಹಾಕಿ ಬೈಸಿಕೊಂಡ. ಅಜ್ಜಿ ಮೊದಲ ಹೊಡೆತಕ್ಕೇ ಒಂದು ಚೆಂಡು ಬೀಳಿಸಿ, ಎರಡನೆಯದು ಆಡುವುದೇ ಇಲ್ಲ, ಹೆಸರು ಕೆಡುತ್ತದೆ ಎಂದಳು. ಈ ಗದ್ದಲದಲ್ಲಿ ಹೆಡ್ಮಾಸ್ಟರು ಯಾವಾಗ ಕೆಳಗಿಳಿದರೋ ಗೊತ್ತಾಗಲಿಲ್ಲ. ಇರಲಿ ಎಂದೂ ಅಂದಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ.

ಜನ ಚೆದುರಿ ಕೋಣೆಯಲ್ಲಿ ಅಣ್ಣ, ತಂಗಿ, ಪುಟ್ಟಿ ಮೂವರೇ ಉಳಿದಾಗ ಅವರು ಮತ್ತೆ ಮೆಟ್ಟಿಲೇರಿ ಬಂದರು. ಒಂದು ಚೆಂಡನ್ನೆತ್ತಿ ಟೇಬಲ್ಲಿನ ನಡುವೆ ಇಟ್ಟು ಕೈ ತೆಗೆದರು. ಚೆಂಡು ಮೆಲ್ಲಗೆ, ಈಗ ಗೋಡೆಯ ಕಡೆಗೆ, ಉರುಳತೊಡಗಿತು.

"ಮತ್ತೆ ಡೊಂಕು."

"ಹೌದು," ಎಂದ ಮೇಸ್ತ್ರಿ. "ಜನ ಹೋದ್ರಲ್ಲ. ನೆಲ ಮೇಲೆದ್ದಿದೆ."

"ಹಾಗಾದ್ರೆ ಆ ಎಲೆಗಳನ್ನ ತೆಗೆದು ಮೊದಲಿನ ಹಾಗೆ ಮಾಡು."

ಸರಿ ಅನ್ನು ಅಣ್ಣ, ಅರ್ಧ ಗಂಟೆಯ ಕೆಲಸ, ಸರಿ ಅಂದುಬಿಡು ಎಂದು ಲೈಬ್ರರಿಯಕ್ಕ ಮನಸ್ಸಿನಲ್ಲೇ ಬೇಡಿಕೊಂಡಳು. ಮಟ್ಟವಿಲ್ಲದ ಟೇಬಲ್ಲನ್ನು ಕಂಡರೆ ಅವನಿಗೆ ಊಟ ಸೇರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಇಲ್ಲ ಮೇಷ್ಟ್ರೇ," ಎಂದ ಅವನು. "ಖಾಲಿ ಕೋಣೆಗೆ ಮೂವತ್ತು ವರ್ಷ ಮಟ್ಟ ಮಾಡ್ದೆ. ಇನ್ನು ಮಾಡಲ್ಲ. ಇದು ಜನ ಇದ್ದಾಗ ಸರಿಯಾಗಿರುತ್ತೆ. ಇಲ್ಲದಾಗ ಹೇಗಿದ್ರೆ ಏನು?"

"ಜನ ಬರದಿದ್ರೆ?"

"ಕರೀಬೇಕು."

ಹೆಡ್ಮಾಸ್ಟರ ಕಣ್ಣು ಅವನ ಕಿವಿಯ ಕಡೆ ಹೋಯಿತು. ಒಂದು ಕಾಲದಲ್ಲಿ ಇವನ ಕಿವಿಯನ್ನು ಎಷ್ಟು ಸಲ ಹಿಂಡಿದ್ದರೋ ಎಣಿಸುತ್ತಿದ್ದಂತೆ ಕಂಡಿತು. ಆಮೇಲೆ ನೇರ ಕಿಟಕಿಯ ಹತ್ತಿರ ಹೋಗಿ, ಅರ್ಧ ದೇಹ ಹೊರಗೆ ಹಾಕಿ, ಶಾಲೆಯ ಮೈದಾನದ ಆ ಹಳೆಯ ಗಂಟಲಿನಲ್ಲಿ ರಸ್ತೆಗೆ ಕೂಗಿದರು: "ಏಯ್! ಬಸ್ಸಿಗೆ ನಿಂತಿರೋ ಮಕ್ಕಳೆಲ್ಲ ಮೇಲೆ ಬನ್ನಿ! ಬಸ್ಸು ಇನ್ನೊಂದು ಬರುತ್ತೆ, ಬನ್ನಿ ಬೇಗ!"

ಕೆಳಗೆ ಬಾಗಿಲು ತೆರೆದ ಸದ್ದು, ಮೆಟ್ಟಿಲ ಮೇಲೆ ದಡದಡ ಹೆಜ್ಜೆಗಳ ಸದ್ದು. ಲೈಬ್ರರಿಯಕ್ಕನ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಬೇಕೆಂದೂ ಅವಳಿಗೆ ಅನ್ನಿಸಲಿಲ್ಲ. ಹೆಡ್ಮಾಸ್ಟರು ಗಡಬಡಿಸಿ ಟೇಬಲ್ಲಿನ ಬಳಿ ಬಂದು ಗೋಡೆಗೆ ಒರಗಿಸಿದ್ದ ಕೋಲನ್ನು ಕೈಗೆತ್ತಿಕೊಂಡರು.

"ಪುಟ್ಟಿ, ಇದನ್ನ ಹೇಗೆ ಹಿಡಿಯೋದು ಬೇಗ ಹೇಳ್ಕೊಡಮ್ಮ," ಎಂದರು ದನಿ ತಗ್ಗಿಸಿ. "ಅವರು ಮೇಲೆ ಬರೋದ್ರೊಳಗೆ ಕಲ್ತುಬಿಡ್ಬೇಕು."